ಇಳಿಜಾರಿನಲ್ಲಿರುವ ಮುತ್ತಾತನ ಬೇಸಿಗೆ ಬಂಗಲೆ: ಕೆಡವಿ ರೆಸಾರ್ಟ್ ಕಟ್ಟೋದಾ, ಉಳಿಸಿಕೊಂಡೇ ಮಾಡೋದಾ?

ಮಲ್ಲೇಶ್ವರದ_ಮೊಮ್ಮಗಳು
ಉದ್ದ ಪೋಸ್ಟು, ಮೊದಲೇ ಹೇಳಿಬಿಡ್ತೀನಿ.

ನಂದಿಬೆಟ್ಟದ ಆಚೆ ಮಗ್ಗುಲಿಗೆ, ಚಿಕ್ಕಬಳ್ಳಾಪುರ ತಾಲ್ಲೂಕಿನಲ್ಲಿ ನಮ್ಮ ಮುತ್ತಾತ 1938ರಲ್ಲಿ ಕಟ್ಟಿಸಿದ ಬಂಗಲೆ ಇದೆ. ಬೇಸಿಗೆ ರಜೆಗೆಂದೇ ಕಟ್ಟಿಸಿದ್ದು. ಸೈಜುಗಲ್ಲಿನ ಗೋಡೆ, ಸುಣ್ಣದ ಗಾರೆ, ನಡುಮನೆಗೆ ಮಂಗಳೂರು ಹೆಂಚು, ಪಕ್ಕದ ಎರಡು ಕೋಣೆಗೆ ಮದ್ರಾಸ್ ತಾರಸಿ, ಮುಂದೆ ಉದ್ದಕ್ಕೂ ವರಾಂಡ. ಕಕ್ಕಸು ಮಾತ್ರ ಮನೆಯಿಂದ ದೂರ, ಮಳೆಯಲ್ಲಿ ಕೊಡೆ ಹಿಡಿದು ಹೋಗಬೇಕು. ಅಪ್ಪ ಹೋದ ಮೇಲೆ ಬೀಗ ಹಾಕಿದ್ದು, ನೋಡಿಕೊಳ್ಳೋ ಒಬ್ಬರು ವಾರಕ್ಕೊಮ್ಮೆ ಗುಡಿಸ್ತಾರೆ ಅಷ್ಟೆ.

ಜಾಗ ಮೂರೂವರೆ ಎಕರೆ, ಪೂರ್ತಿ ಇಳಿಜಾರು. ಮೇಲಿನ ಬೇಲಿಯಿಂದ ಕೆಳಗಿನ ರಸ್ತೆಗೆ ಸುಮಾರು 360 ಅಡಿ ಉದ್ದ, ಅಷ್ಟರಲ್ಲಿ 60 ಅಡಿ ಇಳಿಯುತ್ತೆ. ಬಂಗಲೆ ಮೇಲ್ಭಾಗದಲ್ಲಿದೆ.

ಅಣ್ಣನಿಗೂ ಚಿಕ್ಕಪ್ಪನ ಮಗನಿಗೂ ಅಲ್ಲಿ ರೆಸಾರ್ಟ್ ಮಾಡೋ ಆಸೆ. ಒಬ್ಬ ಡಿಸೈನರ್ ನಕ್ಷೆ ಕೊಟ್ಟಿದ್ದಾರೆ: ಬಂಗಲೆ ಕೆಡವೋದು, ಇಡೀ ಗುಡ್ಡವನ್ನ ಮೆಟ್ಟಿಲಿನ ಹಾಗೆ ಮೂರು ದೊಡ್ಡ ಮಟ್ಟಸ ಅಂಕಣಗಳಾಗಿ ಕಡಿಯೋದು, 24 ರೂಮು, ಈಜುಕೊಳ, ಮದುವೆಗೆ ಹುಲ್ಲುಹಾಸು. ನನಗೆ ರೆಸಾರ್ಟ್ ಬೇಡ ಅಂತೇನಿಲ್ಲ, ಬಂಗಲೆ ಉಳೀಬೇಕು. ಆದರೆ ಬಾಯಿ ತೆಗೆದರೆ ಸಾಕು, "ನಿನ್ನದು ಬರೀ ಸೆಂಟಿಮೆಂಟು" ಅಂತಾರೆ. ನನಗೆ ಲೆಕ್ಕದ ಮಾತು ಬೇಕು. ಇಂಥ ಜಾಗದಲ್ಲಿ ಕಟ್ಟಿದವರು, ನಡೆಸಿದವರು, ಕೈ ಸುಟ್ಟುಕೊಂಡವರು ಯಾರಾದರೂ ಇದ್ದರೆ ಹೇಳಿ.

ರಾಜಾಜಿನಗರ_ರಾಕೆಟ್
ಮೇಡಂ ಲೊಕೇಷನ್ ಹಾಕಿ, ಭಾನುವಾರ ಬೈಕಲ್ಲಿ ಬಂದು ಖುದ್ದು ಪರಿಶೀಲನೆ ಮಾಡ್ತೀವಿ.

ಪಹಣಿ_ಪಂಡಿತ
ಇಟ್ಟಿಗೆ, ಗಾರೆ ಎಲ್ಲ ಆಮೇಲೆ. ಮೊದಲು ಕಾಗದ ತೆಗೀರಿ.

ಮೂರೂವರೆ ಎಕರೆಯಲ್ಲಿ ಎಷ್ಟು ಪರಿವರ್ತನೆ ಆಗಿದೆ? ಭೂಕಂದಾಯ ಕಾಯ್ದೆ 1964ರ 95ನೇ ಕಲಂ ಪ್ರಕಾರ ಕೃಷಿ ಜಮೀನನ್ನ ಬೇರೆ ಉಪಯೋಗಕ್ಕೆ ಪರಿವರ್ತನೆ ಮಾಡಿಸದೆ ವ್ಯಾಪಾರಕ್ಕೆ ಬಳಸೋ ಹಾಗಿಲ್ಲ. ಹಳೇ ಬಂಗಲೆ ಇದೆ ಅಂದಮಾತ್ರಕ್ಕೆ ಸುತ್ತಲಿನ ಜಾಗ ಪರಿವರ್ತನೆ ಆಗಿರತ್ತೆ ಅಂತ ಅಲ್ಲ. "ಫಾರ್ಮ್ ಹೌಸ್ ಅಂತ ತೋರಿಸಿ ರೂಮು ಬಾಡಿಗೆಗೆ ಕೊಡೋಣ" ಅನ್ನೋ ಐಡಿಯಾ ಯಾರಾದರೂ ಕೊಟ್ಟರೆ ಅವರಿಗೆ ಕಾಫಿ ಕುಡಿಸಿ ಕಳಿಸಿಬಿಡಿ. ಫಾರ್ಮ್ ಹೌಸ್ ರೈತನ ಸ್ವಂತ ಬಳಕೆಗೆ.

ಎರಡನೇದು ಖರಾಬು. ಪಹಣಿಯಲ್ಲಿ ಖರಾಬು ಎಷ್ಟು ಗುಂಟೆ, ಅದು 'ಎ'ನಾ 'ಬಿ'ನಾ ನೋಡಿ. 'ಎ' ಖರಾಬು ಸಾಗುವಳಿಗೆ ಬಾರದ ಜಾಗ. 'ಬಿ' ಖರಾಬು ಸಾರ್ವಜನಿಕರದ್ದು, ಅಂದರೆ ದಾರಿ, ಹಳ್ಳ, ಕೆರೆ ಅಂಗಳ. ಅದರ ಮೇಲೆ ಒಂದು ಕಲ್ಲು ಇಟ್ಟರೂ ಒತ್ತುವರಿ. ಗುಡ್ಡದ ಬುಡ ಅಂದಮೇಲೆ ಹಳ್ಳ ಇಲ್ಲದೇ ಇರಲ್ಲ. ಗ್ರಾಮ ನಕ್ಷೆ, ಸರ್ವೆ ಟಿಪ್ಪಣಿ ಎರಡನ್ನೂ ತೆಗೆಸಿ.

ಎಸ್ಟೀಮ್_ಮಾಲ್_ಸಿಗ್ನಲ್
ಭೂಸುಧಾರಣಾ ಕಾಯ್ದೆಯ 79ಎ, 79ಬಿ ಬಂದ್ರೆ ಏನ್ ಮಾಡ್ತೀರ? ಕೃಷಿಕರಲ್ಲದವರು ಜಮೀನು ಇಟ್ಕೊಳ್ಳೋ ಹಾಗೇ ಇಲ್ಲ.

ಪಹಣಿ_ಪಂಡಿತ
@ಎಸ್ಟೀಮ್_ಮಾಲ್_ಸಿಗ್ನಲ್ ಸ್ವಾಮಿ, 2020ರ ತಿದ್ದುಪಡಿಯಲ್ಲೇ ಆ ಎರಡೂ ಕಲಂ ಹೋಯ್ತು. ಅದೂ ಅಲ್ಲದೆ ಇದು ಅವರ ಪಿತ್ರಾರ್ಜಿತ ಆಸ್ತಿ. ಹೆದರಿಸೋದಕ್ಕೂ ಒಂದು ಹೊಸ ಕಲಂ ಹುಡುಕಿ.

ಸೈಟಲ್ಲೇ_ಊಟ
ಸಿವಿಲ್ ಎಂಜಿನಿಯರ್ ನಾನು. ಮೇಡಂ ಲೆಕ್ಕ ಕೇಳಿದ್ದಾರೆ, ಲೆಕ್ಕವೇ ಕೊಡ್ತೀನಿ.

360 ಅಡಿಗೆ 60 ಅಡಿ ಇಳಿತ ಅಂದರೆ ಆರಕ್ಕೆ ಒಂದು. ನಡೆಯೋರಿಗೆ ಹಿತವಾದ ಇಳಿಜಾರು, ಕಟ್ಟೋರಿಗೆ ಅಲ್ಲ. ಮೂರು ಅಂಕಣ ಅಂದರೆ ಒಂದೊಂದು 120 ಅಡಿ ಆಳ. 120 ಅಡಿಗೆ ನೆಲ 20 ಅಡಿ ಇಳಿಯುತ್ತೆ. ಅದನ್ನ ಮಟ್ಟಸ ಮಾಡಬೇಕಾದರೆ ಹಿಂದೆ 10 ಅಡಿ ಕಡೀಬೇಕು, ಆ ಮಣ್ಣನ್ನ ಮುಂದೆ 10 ಅಡಿ ತುಂಬಬೇಕು. ಅಂಕಣದ ಅಗಲ 300 ಅಡಿ ಅಂತ ಇಟ್ಟುಕೊಂಡರೆ ಒಂದಕ್ಕೆ 90,000 ಘನ ಅಡಿ, ಮೂರಕ್ಕೆ 2,70,000 ಘನ ಅಡಿ ಮಣ್ಣು. ಎಷ್ಟು ದಿನ ಜೆಸಿಬಿ ನಿಲ್ಲಿಸ್ತೀರಿ ಅಂತ ಅಣ್ಣನವರನ್ನ ಕೇಳಿ. ನಡುವೆ ಬಂಡೆ ಸಿಕ್ಕರೆ ಆ ಲೆಕ್ಕ ಬೇರೆ.

ಇನ್ನು ಎರಡು ಅಂಕಣ ಸೇರೋ ಕಡೆ ನೋಡಿ. ಮೇಲಿನದರ ಮುಂದೆ 10 ಅಡಿ ತುಂಬಿದ ಮಣ್ಣು, ಅದರ ಕೆಳಗೇ ಕೆಳಗಿನದರ 10 ಅಡಿ ಕಡಿತ. ಒಟ್ಟು 20 ಅಡಿ ಎತ್ತರದ ತಡೆಗೋಡೆ! ಗೋಡೆ ಎತ್ತರ ಎರಡು ಪಟ್ಟಾದರೆ ಮಣ್ಣು ತಳ್ಳೋ ಬಲ ನಾಲ್ಕು ಪಟ್ಟಾಗುತ್ತೆ, ಗೋಡೆಯನ್ನ ಮಗುಚೋ ಬಲ ಎಂಟು ಪಟ್ಟು. ಇದು ಒಣ ಮಣ್ಣಿಗೆ. ಹಿಂದೆ ನೀರು ನಿಂತರೆ ಅದರ ಒತ್ತಡ ಬೇರೆ ಸೇರುತ್ತೆ.

ಈಗ ಅದೇ ಇಳಿಜಾರಿನಲ್ಲಿ 20 ಅಡಿ ಆಳದ ಒಂದು ರೂಮನ್ನ ಅಡ್ಡಡ್ಡಲಾಗಿ ಕೂರಿಸಿ. ಹಿಂದಿನಿಂದ ಮುಂದಕ್ಕೆ ವ್ಯತ್ಯಾಸ ಮೂರು ಅಡಿ ಚಿಲ್ಲರೆ. ಹಿಂದೆ ಒಂದೂವರೆ ಅಡಿ ಕಡಿದು ಮುಂದೆ ಒಂದೂವರೆ ಅಡಿ ತಳಪಾಯ ಎಬ್ಬಿಸಿದರೆ ಮುಗೀತು, ಊರ ಗಾರೆಯವನೇ ಕಟ್ಟಿಕೊಡ್ತಾನೆ.

ಹೊಸೂರು_ರೋಡ್_ಹೀರೋ
ಎಲ್ಲಾ ಸರಿ, ದುಡ್ಡಿನ ಮಾತು ಯಾರೂ ಆಡ್ತಿಲ್ಲ. ಚೆಲ್ಲಾಪಿಲ್ಲಿ ಕಾಟೇಜ್ ಕಟ್ಟಿದರೆ ಪ್ರತಿಯೊಂದಕ್ಕೂ ಪೈಪು, ಕೇಬಲ್ಲು, ಮೆಟ್ಟಿಲು, ದೀಪ. 24 ರೂಮು ಒಂದೇ ಬ್ಲಾಕಲ್ಲಿ ಕಟ್ಟೋದು ಎಷ್ಟೋ ಅಗ್ಗ. ಹಾಗೆ ಬಿಡಿಬಿಡಿಯಾಗಿ ಬರೀ ಎಂಟು ರೂಮಿಟ್ಟುಕೊಂಡು ಸಾಲದ ಕಂತು ಕಟ್ಟಕ್ಕಾಗತ್ತಾ? ಹಳೇ ಬಂಗಲೆ ರಿಪೇರಿ ಅಂತ ಶುರು ಮಾಡಿದರೆ ಅದು ಬಿಳಿಯಾನೆ.

ಸೈಟಲ್ಲೇ_ಊಟ
@ಹೊಸೂರು_ರೋಡ್_ಹೀರೋ ಒಂದೇ ಬ್ಲಾಕು ಅಗ್ಗ, ಮಟ್ಟಸ ಸೈಟಲ್ಲಿ. ಇಲ್ಲಿ ಬ್ಲಾಕಿನ ದುಡ್ಡಿಗಿಂತ ಮೊದಲು 20 ಅಡಿ ಗೋಡೆಯ ದುಡ್ಡು ಸುರೀಬೇಕು. ಆ ಗೋಡೆಗೆ ಅತಿಥಿ ಬಾಡಿಗೆ ಕೊಡಲ್ಲ.

ಮಾಣಿಯಿಂದ_ಮ್ಯಾನೇಜರ್
ಮೂರು ರೆಸಾರ್ಟ್‌ಗಳಲ್ಲಿ ಕೆಲಸ ಮಾಡಿದೀನಿ, ಒಂದು ಸಕಲೇಶಪುರದ ಕಡೆ, ಇದೇ ಥರದ ಇಳಿಜಾರು. ಡಿಸೈನರ್‌ಗಳು ನೋಟ ನೋಡ್ತಾರೆ, ನಾವು ಮೊಣಕಾಲು ನೋಡ್ತೀವಿ.

ಅಡುಗೆಮನೆ ಎಲ್ಲಿ ಅನ್ನೋದು ಮೊದಲ ಪ್ರಶ್ನೆ. ಅಡುಗೆಮನೆ ತಳದಲ್ಲಿ, ರೂಮು ಮೇಲೆ ಇದ್ದರೆ ಹುಡುಗರು ತಟ್ಟೆ ಹಿಡಿದು ಹತ್ತೋದರೊಳಗೆ ದೋಸೆ ಚರ್ಮ ಆಗಿರತ್ತೆ. ಒಗೆದ ಬಟ್ಟೆ, ಗ್ಯಾಸ್ ಸಿಲಿಂಡರ್, ತರಕಾರಿ, ಕಸ, ಎಲ್ಲವೂ ದಿನಾ ಹತ್ತಿ ಇಳೀಬೇಕು. ಅತಿಥಿ ಕಣ್ಣಿಗೆ ಬೀಳದ ಒಂದು ಹಿಂದಿನ ದಾರಿ, ಚಿಕ್ಕ ಗಾಡಿ ಓಡೋ ಹಾಗೆ, ನಕ್ಷೆಯಲ್ಲೇ ಇರಬೇಕು. ಆಮೇಲೆ ಸೇರಿಸಕ್ಕಾಗಲ್ಲ. ಕೆಲಸದವರು ಮಲಗೋ ಜಾಗವನ್ನ ಅರ್ಧದಷ್ಟು ಮಾಲೀಕರು ನಕ್ಷೆಯಲ್ಲಿ ಹಾಕೋದೇ ಇಲ್ಲ. ಕೊನೆಗೆ ಜನರೇಟರ್ ಶೆಡ್ಡಿನ ಪಕ್ಕ ತಗಡು ಹೊದಿಸಿ ಮಲಗಿಸ್ತಾರೆ. ಹುಡುಗರು ಆರು ತಿಂಗಳಿಗೆ ಬಿಟ್ಟು ಓಡ್ತಾರೆ.

ಬೆಂಗಳೂರಿನವರು ಶುಕ್ರವಾರ ರಾತ್ರಿ ಬಂದು ಭಾನುವಾರ ಮಧ್ಯಾಹ್ನ ಖಾಲಿ ಮಾಡ್ತಾರೆ. 24 ರೂಮು ಕಟ್ಟಿದರೆ ವಾರದ ನಡುವೆ 24 ಖಾಲಿ ರೂಮಿಗೆ ಕರೆಂಟು, ಸಂಬಳ, ಗುಡಿಸೋದು. ಹೀರೋ ಅವರೇ, ಆ ಕಂತನ್ನೂ ಲೆಕ್ಕ ಹಾಕಿ.

ಬಂಗಲೆ ಬಗ್ಗೆ ನನ್ನ ಅಭಿಪ್ರಾಯ: ಅದನ್ನ ರೂಮು ಮಾಡಲೇಬೇಡಿ. ಊಟದ ಮನೆ ಮಾಡಿ. ವರಾಂಡದಲ್ಲಿ ಕಾಫಿ, ನಡುಮನೆಯಲ್ಲಿ ಊಟ, ಪಕ್ಕದ ಒಂದು ಕೋಣೆ ಓದಕ್ಕೆ, ಇನ್ನೊಂದು ಆಫೀಸು. ಜನ ಫೋಟೋ ತೆಗೆಯೋದು ಅಲ್ಲೇ. ನಿಮ್ಮ ರೆಸಾರ್ಟಿಗೆ ಜಾಹೀರಾತು ಅದೇ.

ಮಲ್ಲೇಶ್ವರದ_ಮೊಮ್ಮಗಳು
ಇಷ್ಟು ಬೇಗ ಇಷ್ಟು ಉತ್ತರ, ಧನ್ಯವಾದ. ಕೆಲವು ವಿವರ:

ಪರಿವರ್ತನೆ ಒಂದು ಎಕರೆ ಹತ್ತು ಗುಂಟೆಗೆ ಮಾತ್ರ ಆಗಿದೆ. ಪಹಣಿಯಲ್ಲಿ 'ಬಿ' ಖರಾಬು 14 ಗುಂಟೆ ಅಂತಿದೆ. ಎಲ್ಲಿ ಅಂತ ಗೊತ್ತಿಲ್ಲ. ಆಮೇಲೆ ಬಂಗಲೆ ಹಿಂಬದಿ, ಗುಡ್ಡದ ಕಡೆಗೆ, ಕಲ್ಲು ಹಾಸಿದ ಒಂದು ಉದ್ದ ಚರಂಡಿ ಇದೆ, ಮನೆಯನ್ನ ಬಳಸಿಕೊಂಡು ಎರಡೂ ಬದಿಗೆ ಇಳಿಯುತ್ತೆ. ಅರ್ಧ ಮುಚ್ಚಿಹೋಗಿದೆ. ಡಿಸೈನರ್ ನಕ್ಷೆಯಲ್ಲಿ ಅದು ಇಲ್ಲವೇ ಇಲ್ಲ.

ಮಡಿಕೇರಿ_ಟು_ಯಲಹಂಕ
ಆ ಚರಂಡಿಯನ್ನ ಮೊದಲು ಬಿಡಿಸಿ! ಮಿಕ್ಕಿದ್ದೆಲ್ಲ ಆಮೇಲೆ.

ಎಂಬತ್ತು ಚಿಲ್ಲರೆ ವರ್ಷ ಆ ಮನೆ ನಿಂತಿದೆ ಅಂದರೆ ಅರ್ಧ ಪುಣ್ಯ ಆ ಚರಂಡಿಯದ್ದು. ಮೇಲಿಂದ ಬರೋ ನೀರು ಗೋಡೆ ಬುಡಕ್ಕೆ ತಾಗದೆ ಬದಿಗೆ ಹೋಗಬೇಕು, ನಿಮ್ಮ ಮುತ್ತಾತನಿಗೆ ಅಥವಾ ಅವರ ಮೇಸ್ತ್ರಿಗೆ ಅದು ಗೊತ್ತಿತ್ತು. ನಮ್ಮೂರಲ್ಲಿ 2018ರ ಆಗಸ್ಟಿನಲ್ಲಿ ಗುಡ್ಡ ಇಳಿದಾಗ ನೋಡಿದವ ನಾನು. ಮಳೆ ವಿಪರೀತ ಇತ್ತು, ಹೌದು. ಆದರೆ ಮನೆಗೆ, ರಸ್ತೆಗೆ ಅಂತ ಇಳಿಜಾರಿನ ಬುಡ ಕಡಿದದ್ದೂ ಕಾರಣ ಅಂತ ಭೂವೈಜ್ಞಾನಿಕ ಸರ್ವೇಕ್ಷಣೆಯವರೇ ಹೇಳಿದ್ರು. ಬುಡ ಕಡಿದ ಗುಡ್ಡ ಬಿಸಿಲಲ್ಲಿ ಸುಮ್ಮನೆ ನಿಂತಿರ್ತದೆ, ಒಂದು ಬೇಸಿಗೆ, ಎರಡು ಬೇಸಿಗೆ. ಮಾಲೀಕರಿಗೆ ಧೈರ್ಯ ಬರ್ತದೆ. ಆಮೇಲೆ ಒಂದು ವಾರ ಬಿಡದೆ ಹೊಡೀತದೆ.

ಎಸ್ಟೀಮ್_ಮಾಲ್_ಸಿಗ್ನಲ್
ಕೊಡಗು ಬೇರೆ, ನಂದಿ ಬೇರೆ. ಇಲ್ಲಿ ಬರೋದೇ ನಾಲ್ಕು ಹನಿ ಮಳೆ. ಗುಡ್ಡ ಕುಸಿಯೋ ಪ್ರಶ್ನೆಯೇ ಇಲ್ಲ.

ದಿಣ್ಣೆ_ಮೇಲಿನ_ದ್ರಾಕ್ಷಿ
@ಎಸ್ಟೀಮ್_ಮಾಲ್_ಸಿಗ್ನಲ್ 2021ರ ಆಗಸ್ಟಿನಲ್ಲಿ ಒಂದು ರಾತ್ರಿ ಮಳೆಗೆ ನಂದಿಬೆಟ್ಟದ ರಸ್ತೆನೇ ಕಿತ್ಕೊಂಡು ಹೋಯ್ತಲ್ಲ, ಮರೆತೋಯ್ತಾ? ತಿಂಗಳುಗಟ್ಟಲೆ ಬೆಟ್ಟ ಬಂದ್ ಇತ್ತು, ಡಿಸೆಂಬರಲ್ಲಿ ತೆಗೆದ್ರು. ಅದೇ ವರ್ಷ ಮೈಸೂರಲ್ಲಿ ಚಾಮುಂಡಿ ಬೆಟ್ಟದ ನಂದಿಗೆ ಹೋಗೋ ರಸ್ತೆನೂ ಕುಸೀತು. ನಾನು ಇಲ್ಲೇ ಕೆಳಗಿನ ಹಳ್ಳಿಯವನು. ನಾಲ್ಕು ಹನಿಯಂತೆ!

ಸೈಟಲ್ಲೇ_ಊಟ
ನಾಲ್ಕು ಹನಿಯ ಲೆಕ್ಕ: ಒಂದು ಸಂಜೆ 50 ಮಿಲಿಮೀಟರ್ ಸುರಿದರೆ ಒಂದು ಎಕರೆ ಮೇಲೆ ಎರಡು ಲಕ್ಷ ಲೀಟರ್. ಮೂರೂವರೆ ಎಕರೆಗೆ ಏಳು ಲಕ್ಷ. ಮೇಲಿನ ಗುಡ್ಡದ್ದು ಬೇರೆ.

ಹಾವೇರಿ_ಮೆಣಸಿನಕಾಯಿ
ಅಲ್ರೀ, ನಮ್ಮ ಕಡೆ ಬೆಟ್ಟ ಎಲ್ಲೈತಿ ಅಂತ ಹುಡುಕೂದ್ರಾಗ ಜೀವನ ಮುಗೀತದ, ನೀವು ಇದ್ದ ಬೆಟ್ಟಾನ ಕಡದು ಮಟ್ಟಸ ಮಾಡಾಕ ಹೊಂಟೀರಿ. ಮಟ್ಟಸ ಜಾಗಾನ ಬೇಕಂದ್ರ ನಮ್ಮೂರಿಗೆ ಬರ್ರಿ, ಕಣ್ಣಿಗೆ ಕಂಡಷ್ಟೂ ಮಟ್ಟಸ.

ರಾಜಾಜಿನಗರ_ರಾಕೆಟ್
ಈ ಥ್ರೆಡ್ಡಿನ ಅತ್ಯುತ್ತಮ ಉತ್ತರ ಇದೇ.

ಗಾರೆ_ಗೀಳು
ಎಲ್ಲರೂ ಮಣ್ಣಿನ ಬಗ್ಗೆ ಹೇಳಿದ್ರಿ, ಗೋಡೆ ಬಗ್ಗೆ ನಾನು ಹೇಳ್ತೀನಿ. ಬಸವನಗುಡಿ, ಚಾಮರಾಜಪೇಟೆಯ ಹಳೇ ಮನೆಗಳ ರಿಪೇರಿ ಮಾಡಿಸೋದು ನನ್ನ ಕಸುಬು.

ಮೇಡಂ, ದಯವಿಟ್ಟು ಆ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹಾಕಿಸಬೇಡಿ. ಸುಣ್ಣದ ಗಾರೆ ತೇವ ಎಳ್ಕೊಳ್ಳುತ್ತೆ, ಮತ್ತೆ ಗಾಳಿಗೆ ಬಿಡುತ್ತೆ. ಇಳಿಜಾರಿನ ಮನೆಯ ಹಿಂದಿನ ಗೋಡೆಗೆ ನೆಲದಿಂದ ತೇವ ಏರೋದು ಸಹಜ. ಮೇಲೆ ಸಿಮೆಂಟು ಬಳಿದರೆ ಆ ತೇವಕ್ಕೆ ದಾರಿ ಇಲ್ಲ. ಒಳಗೇ ಕೂತು ಉಪ್ಪು ಒಡೆಯುತ್ತೆ, ಎರಡು ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬರುತ್ತೆ. ಆಗ ಮಾಲೀಕರು "ನೋಡಿ, ಹಳೇ ಗೋಡೆ ಲಡ್ಡಾಗಿದೆ" ಅಂತಾರೆ. ಗೋಡೆ ಚೆನ್ನಾಗಿತ್ತು, ನೀವು ಉಸಿರು ಕಟ್ಟಿಸಿದ್ರಿ.

ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ಕಷಾಯ ಹಾಕಿ ಅರೆಯೋ ಮೇಸ್ತ್ರಿಗಳು ಈಗಲೂ ಸಿಗ್ತಾರೆ, ಕಡಿಮೆ ಅಷ್ಟೆ. ಸುಣ್ಣ ಗಟ್ಟಿಯಾಗೋಕೆ ಟೈಮ್ ಬೇಕು, ಹಾಗಾಗಿ "ಮೂರು ತಿಂಗಳಲ್ಲಿ ಓಪನಿಂಗ್" ಅನ್ನೋ ಕನಸು ಬಿಡಿ.

ಮದ್ರಾಸ್ ತಾರಸಿ ಅಂದರೆ ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನ ನಿಲ್ಲಿಸಿ ಓರೆಯಾಗಿ ಜೋಡಿಸಿ ಸುಣ್ಣದ ಗಾರೆ ಹಾಕಿದ್ದು. ಅದರ ಮೇಲೆ ನೀರಿನ ಟ್ಯಾಂಕು ಇಡೋ ಬುದ್ಧಿ ಯಾರಿಗೂ ಬರದಿರಲಿ. ತೊಲೆ ಗೋಡೆಯೊಳಗೆ ಹೋಗೋ ತುದಿ ಇರುತ್ತಲ್ಲ, ಅಲ್ಲೇ ಕೊಳೆಯೋದು, ಗೆದ್ದಲು ಹಿಡಿಯೋದೂ ಅಲ್ಲೇ. ಒಂದೊಂದನ್ನೂ ಚೂಪು ಉಳಿಯಿಂದ ಚುಚ್ಚಿ ನೋಡಿಸಿ. ಹೆಂಚಿನ ಮಾಡು ಸುಲಭ: ಹೆಂಚು ಇಳಿಸಿ, ಅದನ್ನ ಹೊರೋ ಮರದ ಪಕಾಸು ರೀಪು ನೋಡಿ, ಕೆಟ್ಟದ್ದು ಬದಲಾಯಿಸಿ ಅದೇ ಹೆಂಚು ಮತ್ತೆ ಹೊದಿಸಬಹುದು. ಹೆಂಚಿನ ಹಿಂಬದಿ ಕಂಪನಿ ಮುದ್ರೆ ಇದ್ದರೆ ಫೋಟೋ ಹಾಕಿ, ಅದನ್ನ ನೋಡೋದೇ ಒಂದು ಖುಷಿ.

ಕದ್ರಿ_ಕಾಫಿ
ಮಂಗಳೂರು ಹೆಂಚು ಅಂದಕೂಡಲೇ ಓಡಿ ಬಂದೆ ಮಾರಾಯ್ರೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಶುರು ಮಾಡಿದ್ದು. ನಮ್ಮ ಅಜ್ಜಿಮನೆ ಹೆಂಚು ಇನ್ನೂ ಗಟ್ಟಿ ಉಂಟು, ಮಂಗ ಹಾರಿ ಒಡೆದದ್ದು ಬಿಟ್ಟರೆ.

ಎಸ್ಟೀಮ್_ಮಾಲ್_ಸಿಗ್ನಲ್
ನಂದಿಯಲ್ಲೂ ಮಂಗ ಜಾಸ್ತಿ. ಅತಿಥಿಗಳ ಬಿಸ್ಕತ್ತಿಗೆ ಬರ್ತವೆ. ಹೆಂಚು ಉಳಿಯಲ್ಲ.

ಗಾರೆ_ಗೀಳು
ಅಂತೂ ಒಂದು ಸರಿಯಾದ ಮಾತು ಹೇಳಿದ್ರಿ.

ಜಯನಗರ_ನಾಲ್ಕನೇ_ಬ್ಲಾಕ್
ಬಂಗಲೆ ಉಳಿಸಿ ಹೋಟೆಲ್ ಮಾಡೋದು ಹೊಸದೇನಲ್ಲ. ಮೈಸೂರಿನ ಲಲಿತಮಹಲ್ 1921ರದ್ದು, ವೈಸ್‌ರಾಯ್‌ಗೆ ಅಂತ ಕಟ್ಟಿದ್ದು, 1974ರಿಂದ ಹೋಟೆಲ್. ಊಟಿಯಲ್ಲಿ ಮೈಸೂರು ಮಹಾರಾಜರ ಫರ್ನ್‌ಹಿಲ್ ಅರಮನೆಯೂ ಹಾಗೇ. ನಂದಿಯ ಮೇಲೆ ಕಬ್ಬನ್ ಅವರ ಬಂಗಲೆ ಈಗ ಅತಿಥಿಗೃಹ. 1986ರಲ್ಲಿ ಬೆಂಗಳೂರಿನ ಸಾರ್ಕ್ ಸಮ್ಮೇಳನಕ್ಕೆ ಬಂದ ನಾಯಕರು ಅಲ್ಲಿಗೇ ಹೋಗಿದ್ದು. ಕೆಮ್ಮಣ್ಣುಗುಂಡಿಯೂ ನಾಲ್ವಡಿಯವರ ಬೇಸಿಗೆ ಬಿಡಾರವೇ, ಆಮೇಲೆ ತೋಟಗಾರಿಕೆ ಇಲಾಖೆಗೆ ಬಂತು.

ಹೊಸೂರು_ರೋಡ್_ಹೀರೋ
ಮಹಾರಾಜರ ಉದಾಹರಣೆ ಕೊಟ್ಟು ಮಧ್ಯಮ ವರ್ಗದವರನ್ನ ಸಾಲಕ್ಕೆ ತಳ್ಳಬೇಡಿ ಸಾರ್. ಚಾಮುಂಡಿ ಬೆಟ್ಟದ ಮೇಲಿನ ರಾಜೇಂದ್ರ ವಿಲಾಸವೂ ಅರಮನೆಯೇ, ಹೋಟೆಲ್ ಆಗಿ ಮುಚ್ಚಿಹೋಯ್ತು.

ಜಯನಗರ_ನಾಲ್ಕನೇ_ಬ್ಲಾಕ್
ಅರಮನೆ ಬೇಡ ಅಂದ್ರೆ ಶ್ರೀಲಂಕಾದ ಕಂಡಲಮ ನೋಡಿ. ವಾಸ್ತುಶಿಲ್ಪಿ ಜೆಫ್ರಿ ಬಾವಾ, 1994. ಹಳೇ ಕಟ್ಟಡ ಅಲ್ಲ, ಹೊಸದೇ, ದೊಡ್ಡದೇ. ಆದರೆ ಬೆಟ್ಟದ ಪಾರ್ಶ್ವಕ್ಕೆ ಉದ್ದಕ್ಕೂ ಅಂಟಿಕೊಂಡಿದೆ, ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ಬಂಡೆ ಮೇಲಿಂದ ಇಳಿಯೋ ಮಳೆನೀರು ಕಟ್ಟಡದ ಅಡಿಯಿಂದಲೇ ಹೋಗುತ್ತೆ. ದೊಡ್ಡದಾಗಿ ಕಟ್ಟಿದರೂ ಗುಡ್ಡ ಕಡೀಲೇಬೇಕು ಅಂತೇನಿಲ್ಲ.

ದೇವನಹಳ್ಳಿ_ಚಕ್ಕೋತ
ನಾನೇ ಆ ಅಣ್ಣ. ಯಾರೋ ಲಿಂಕ್ ಕಳಿಸಿದ್ರು. ತಂಗಿ ಮನೆ ಜಗಳ ಬೀದಿಗೆ ತಂದಿದ್ದಾಳೆ, ಇರಲಿ.

ನನ್ನನ್ನ ಇಲ್ಲಿ ರಾಕ್ಷಸನ ಥರ ತೋರಿಸ್ತಿದೀರ. ಆ ಬಂಗಲೆಗೆ ಪ್ರತಿ ವರ್ಷ ತೆರಿಗೆ, ಕಾವಲು, ಸೋರಿಕೆ, ಹಾವು, ಎಲ್ಲಕ್ಕೂ ದುಡ್ಡು ಕೊಡ್ತಿರೋದು ನಾನು. ತಂಗಿ ದಸರಾಗೆ ಬಂದು ಫೋಟೋ ತಗೊಂಡು ಹೋಗ್ತಾಳೆ. ಮೂರು ಪಾಲುದಾರರು ನಾವು. ಎಂಟು ರೂಮಿನ ಆದಾಯ ಮೂರು ಮನೆಗೆ ಹಂಚಿದರೆ ಏನು ಉಳಿಯುತ್ತೆ? ಮದುವೆ ಹುಲ್ಲುಹಾಸು ಇದ್ದರೆ ಮಾತ್ರ ಈ ಯೋಜನೆಗೆ ಅರ್ಥ.

ಮಲ್ಲೇಶ್ವರದ_ಮೊಮ್ಮಗಳು
ಅಣ್ಣ, ಹಾವಿನ ಖರ್ಚು ಏನು ಅಂತ ಹೇಳು ಮೊದಲು.

ರಾಜಾಜಿನಗರ_ರಾಕೆಟ್
ಪಾಪ್‌ಕಾರ್ನ್ ತಂದೆ.

ಮಾಣಿಯಿಂದ_ಮ್ಯಾನೇಜರ್
@ದೇವನಹಳ್ಳಿ_ಚಕ್ಕೋತ ಸಾರ್, ನೀವು ಹೇಳಿದ್ದರಲ್ಲಿ ನ್ಯಾಯ ಇದೆ. ಖರ್ಚು ಹೊರೋನಿಗೇ ಆದಾಯದ ಯೋಚನೆ ಬರೋದು. ಆದರೆ ಮದುವೆ ಅಂದರೆ ಐನೂರು ಜನ. ಐನೂರು ಜನಕ್ಕೆ ಕಾರು ನಿಲ್ಲಿಸೋ ಜಾಗ, ಶೌಚಾಲಯ, ಕೊಳಚೆ ನೀರು. ಅಷ್ಟು ನೀರು ಎಲ್ಲಿಂದ ತರ್ತೀರಿ?

ದಿಣ್ಣೆ_ಮೇಲಿನ_ದ್ರಾಕ್ಷಿ
ನಾನು ಹೇಳ್ತೀನಿ ಎಲ್ಲಿಂದ ಅಂತ. ನಮ್ಮ ಬೋರ್‌ವೆಲ್‌ನಿಂದ.

ಇದು ಅರ್ಕಾವತಿ ಹುಟ್ಟೋ ಬೆಟ್ಟ ಸ್ವಾಮಿ. ಬೆಂಗಳೂರಿಗೆ 1894ರಲ್ಲಿ ಹೆಸರಘಟ್ಟದಿಂದ, 1933ರಿಂದ ತಿಪ್ಪಗೊಂಡನಹಳ್ಳಿಯಿಂದ ನೀರು ಕೊಟ್ಟ ನದಿ ಇದು. ಈಗ ಕೆರೆಗೆ ನೀರು ಬೇಕಂದ್ರೆ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ನೀವು ಬಳಸಿ ಬಿಟ್ಟ ನೀರನ್ನೇ ಶುದ್ಧ ಮಾಡಿ ನಮಗೆ ಪಂಪ್ ಮಾಡ್ತಾರೆ. ವಾರಪೂರ್ತಿ ನಿಮ್ಮ ನೀರು ಬರುತ್ತೆ, ವಾರಾಂತ್ಯಕ್ಕೆ ನೀವೇ ಬರ್ತೀರ. ನಮ್ಮ ಪಕ್ಕದ ಗುಡ್ಡದಲ್ಲಿ ಒಂದು ರೆಸಾರ್ಟ್ ಬಂದ ಮೇಲೆ ಕೆಳಗಿನ ತೋಟದ ಬೋರು ಬತ್ತಿತು. ಅವರ ಇಂಗುಗುಂಡಿ ನೀರು ಇಳಿಜಾರಿನಲ್ಲಿ ಜಿನುಗಿ ನಮ್ಮ ಬಾವಿ ಹತ್ತಿರ ವಾಸನೆ. ಕೇಳಿದ್ರೆ "ಎಲ್ಲಾ ಅನುಮತಿ ಇದೆ" ಅಂತಾರೆ.

ರೆಸಾರ್ಟ್ ಬೇಡ ಅಂತ ನಾನು ಹೇಳ್ತಿಲ್ಲ. ಊರಿನ ಹತ್ತು ಹುಡುಗರಿಗೆ ಕೆಲಸ ಸಿಕ್ಕರೆ ಒಳ್ಳೇದೇ. ಆದರೆ ನೀರು, ಕೊಳಚೆ, ಸೌಂಡು, ಈ ಮೂರಕ್ಕೆ ಮೊದಲೇ ಉತ್ತರ ಕೊಡಿ.

ಸೈಟಲ್ಲೇ_ಊಟ
ಅವರು ಹೇಳಿದ ಇಂಗುಗುಂಡಿ ವಿಷಯ ನೂರಕ್ಕೆ ನೂರು ನಿಜ. ಮಟ್ಟಸ ನೆಲದಲ್ಲಿ ಇಂಗುಗುಂಡಿ ನೀರು ಕೆಳಗೆ ಹೋಗುತ್ತೆ. ಇಳಿಜಾರಿನಲ್ಲಿ, ಅದರಲ್ಲೂ ಎರಡು ಮೂರು ಅಡಿಗೆ ಬಂಡೆ ಸಿಗೋ ಕಡೆ, ಬಂಡೆ ಮೇಲೆ ಜಾರಿ ಪಕ್ಕದವರ ಜಮೀನಿನಲ್ಲಿ ಹೊರಬರುತ್ತೆ. ಹಾಗಾಗಿ ಎಲ್ಲಾ ರೂಮಿನ ಕೊಳಚೆಯನ್ನ ಪೈಪಿನಲ್ಲಿ ತಳಕ್ಕೆ ಇಳಿಸಿ, ಅಲ್ಲಿ ಶುದ್ಧೀಕರಣ ಘಟಕ ಇಟ್ಟು, ಆ ನೀರನ್ನ ಗಿಡಕ್ಕೆ ಮೇಲಕ್ಕೆ ಪಂಪ್ ಮಾಡಬೇಕು. ಇಳಿಯೋದು ತಾನಾಗೇ ಇಳಿಯುತ್ತೆ, ಅದೊಂದು ಉಳಿತಾಯ. ಕುಡಿಯೋ ನೀರಿನ ಟ್ಯಾಂಕು ಮೇಲೆ, ಕೊಳಚೆ ತಳದಲ್ಲಿ.

ಈಜುಕೊಳ: 40 ಅಡಿ, 20 ಅಡಿ, ಸರಾಸರಿ ನಾಲ್ಕೂವರೆ ಅಡಿ ಆಳ ಅಂದರೆ ಒಂದು ಲಕ್ಷ ಲೀಟರ್. ನೂರು ಟನ್ ತೂಕ. ನಿಮ್ಮ ನಕ್ಷೆಯಲ್ಲಿ ಅದು ಅಂಕಣದ ತುದಿಯಲ್ಲಿ, ನೋಟ ಚೆನ್ನಾಗಿ ಕಾಣಲಿ ಅಂತ, ಅಲ್ವಾ? ಅಂದರೆ ಅರ್ಧ ಗಟ್ಟಿ ನೆಲದ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ. ತುಂಬಿದ ಮಣ್ಣು ಕುಗ್ಗುತ್ತೆ, ಗಟ್ಟಿ ನೆಲ ಕುಗ್ಗಲ್ಲ, ಕೊಳ ನಡುವೆ ಬಿರುಕು. ಸೋರಿದ ನೀರು ಸೀದಾ ತಡೆಗೋಡೆ ಹಿಂದಕ್ಕೆ. ಇದಕ್ಕಿಂತ ಕೆಟ್ಟ ಜಾಗ ಹುಡುಕಬೇಕು ಅಂದ್ರೂ ಸಿಗಲ್ಲ.

ದೇವನಹಳ್ಳಿ_ಚಕ್ಕೋತ
ಹೌದು, ತುದಿಯಲ್ಲೇ ಇದೆ. ಡಿಸೈನರ್ ಈ ವಿಷಯ ಹೇಳಲಿಲ್ಲ. ಗೋಡೆ ಗಟ್ಟಿಯಾಗಿ ಕಟ್ಟಿದರೆ ಆಗಲ್ವಾ?

ಸೈಟಲ್ಲೇ_ಊಟ
ಆಗುತ್ತೆ ಸಾರ್, ದುಡ್ಡಿದ್ರೆ ಎಲ್ಲಾ ಆಗುತ್ತೆ. ಗುಡ್ಡಗಾಡಿನ ತಡೆಗೋಡೆಗೆ ಅಂತಲೇ ಐಎಸ್ 14458 ಮಾರ್ಗಸೂಚಿ ಇದೆ, ನಿಮ್ಮ ಡಿಸೈನರ್ ಅದನ್ನ ನೋಡಿದ್ದಾರಾ ಕೇಳಿ. ಮಣ್ಣು ಪರೀಕ್ಷೆ ವರದಿ ಇದೆಯಾ ಕೇಳಿ. ನೆಲದ ಏರಿಳಿತ ತೋರಿಸೋ ಕಾಂಟೂರ್ ಸರ್ವೆ ಮಾಡಿಸಿದ್ದಾರಾ, ಅರ್ಧ ಮೀಟರ್ ಎತ್ತರಕ್ಕೊಂದು ಗೆರೆ ಇರೋದು? ಮೂರಕ್ಕೂ ಇಲ್ಲ ಅಂದರೆ ಆ ನಕ್ಷೆ ಬರೀ ಚಿತ್ರ.

ಬನಶಂಕರಿ_ಬ್ಯಾಕ್‌ಬೆಂಚ್
ಮೆಟ್ಟಿಲು ಹತ್ತಕ್ಕಾಗದವರ ವಿಷಯ ಯಾರೂ ಎತ್ತಲಿಲ್ಲ. ನಮ್ಮಮ್ಮ ಗಾಲಿಕುರ್ಚಿಯಲ್ಲಿ ಇದ್ದಾರೆ. ಇಂಥ "ಪ್ರಕೃತಿ ಮಡಿಲು" ರೆಸಾರ್ಟಿಗೆ ಹೋದಾಗಲೆಲ್ಲ ಇಬ್ಬರು ಹುಡುಗರು ಅವರನ್ನ ಎತ್ತಿಕೊಂಡು ಇಳಿಸ್ತಾರೆ. ಅಮ್ಮನಿಗೆ ಅದು ಅವಮಾನ. ಆಮೇಲೆ ಬರೋದೇ ಬೇಡ ಅಂತಾರೆ.

ಸೈಟಲ್ಲೇ_ಊಟ
ಒಳ್ಳೇ ಪ್ರಶ್ನೆ. ಗಾಲಿಕುರ್ಚಿ ಇಳಿಜಾರು 12ಕ್ಕೆ ಒಂದು ಮೀರಬಾರದು. 60 ಅಡಿ ಇಳಿಯೋಕೆ 720 ಅಡಿ ರ‍್ಯಾಂಪು ಬೇಕು, ನಡುನಡುವೆ ನಿಲ್ಲೋ ಜಾಗ ಬೇರೆ. ಇಡೀ ಗುಡ್ಡಕ್ಕೆ ಆಗಲ್ಲ. ಆದರೆ ಬಂಗಲೆಯ ಮಟ್ಟಕ್ಕೇ, ಅದರ ಎರಡೂ ಪಕ್ಕಕ್ಕೆ ಅಡ್ಡಸಾಲಿನಲ್ಲಿ ಎರಡೋ ಮೂರೋ ರೂಮು ಇಟ್ಟು, ಕಾರು ಅಲ್ಲಿವರೆಗೂ ಬರೋ ಹಾಗೆ ಮಾಡಿದರೆ ಅಮ್ಮ ಒಂದೂ ಮೆಟ್ಟಿಲು ಹತ್ತದೆ ರೂಮಿಗೂ ಊಟಕ್ಕೂ ಹೋಗಬಹುದು.

ಮಾಣಿಯಿಂದ_ಮ್ಯಾನೇಜರ್
ಮೊದಲು ಬುಕ್ ಆಗೋದು ಆ ರೂಮುಗಳೇ, ನೋಡ್ತಿರಿ. ಬೆಂಗಳೂರಿಂದ ಬರೋ ಪ್ರತಿ ಸಂಸಾರದಲ್ಲೂ ಮಂಡಿನೋವಿನ ಒಬ್ಬರು ಇದ್ದೇ ಇರ್ತಾರೆ.

ಗಾರೆ_ಗೀಳು
ಹೊಸ ರೂಮುಗಳಿಗೆ ಒಂದು ಸಲಹೆ: ತಳಪಾಯಕ್ಕೆ, ಟ್ಯಾಂಕಿಗೆ ಅಂತ ಅಗೆದ ಕೆಂಪು ಮಣ್ಣನ್ನ ಹೊರಗೆ ಸಾಗಿಸಬೇಡಿ. ನಮ್ಮ ಟಾಟಾ ಇನ್‌ಸ್ಟಿಟ್ಯೂಟಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ ಯಂತ್ರದಲ್ಲಿ ಒತ್ತೋ ಇಟ್ಟಿಗೆ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಸುಡೋದು ಬೇಡ, ಲಾರಿ ಬಾಡಿಗೆ ಬೇಡ. ಬಂಗಲೆಯ ಕಲ್ಲಿನ ಪಕ್ಕ ಆ ಬಣ್ಣ ಕೂರುತ್ತೆ. ಹಳೇದನ್ನ ಅಣಕು ಮಾಡೋ ಹೊಸ "ಹೆರಿಟೇಜ್" ಕಟ್ಟಡ ಮಾತ್ರ ಬೇಡ. ಫೈಬರ್ ಕಂಬ, ಥರ್ಮೋಕೋಲ್ ಕಮಾನು ನೋಡಿ ನೋಡಿ ಕಣ್ಣು ಸವೆದಿದೆ.

ಎಸ್ಟೀಮ್_ಮಾಲ್_ಸಿಗ್ನಲ್
ಟಾಟಾ ಇನ್‌ಸ್ಟಿಟ್ಯೂಟ್ ಅಂದ್ರೆ ಮುಂಬೈದಲ್ವಾ?

ಜಯನಗರ_ನಾಲ್ಕನೇ_ಬ್ಲಾಕ್
ಯಶವಂತಪುರ ಬಸ್ ಹತ್ತಿ "ಟಾಟಾ ಇನ್‌ಸ್ಟಿಟ್ಯೂಟ್" ಅಂತ ಕೇಳಿ, ಕಂಡಕ್ಟರ್ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ ಮುಂದೆ ಇಳಿಸ್ತಾನೋ ಇಲ್ವೋ ನೋಡಿ.

ಮಡಿಕೇರಿ_ಟು_ಯಲಹಂಕ
ಕಡಿದ ಕಡೆಗಳಲ್ಲಿ ಲಾವಂಚ ನೆಡಿ. ಬೇರು ಆಳಕ್ಕೆ ಇಳೀತದೆ, ಮೇಲ್ಮಣ್ಣು ಹಿಡೀತದೆ. ಆದರೆ 20 ಅಡಿ ಗೋಡೆಗೆ ಲಾವಂಚ ಬದಲಿ ಅಲ್ಲ ಅಂತ ಅಣ್ಣನವರಿಗೆ ಮೊದಲೇ ಹೇಳಿಬಿಡ್ತೇನೆ. ಇದ್ದ ಮರ ಕಡಿಯೋ ಮೊದಲು ಅರಣ್ಯ ಇಲಾಖೆ ಅನುಮತಿ ನೋಡಿ, 1976ರ ಮರ ಸಂರಕ್ಷಣಾ ಕಾಯ್ದೆ ಇದೆ.

ಪಹಣಿ_ಪಂಡಿತ
14 ಗುಂಟೆ 'ಬಿ' ಖರಾಬಿನ ವಿಷಯಕ್ಕೆ ಯಾಕೆ ಯಾರೂ ಬರ್ತಿಲ್ಲ? ಆ ಕಲ್ಲು ಚರಂಡಿ ಎರಡೂ ಬದಿಗೆ ಇಳಿಯುತ್ತೆ ಅಂದ್ರಲ್ಲ, ಒಂದು ಬದಿ ಎಲ್ಲಿಗೆ ಹೋಗಿ ಸೇರುತ್ತೆ?

ಮಲ್ಲೇಶ್ವರದ_ಮೊಮ್ಮಗಳು
ಬಲಗಡೆದು ಒಂದು ಸಣ್ಣ ಕೊರಕಲಿಗೆ. ಬೇಸಿಗೆಯಲ್ಲಿ ಒಣಗಿರುತ್ತೆ, ಲಂಟಾನ ಬೆಳೆದಿದೆ. ನಕ್ಷೆಯಲ್ಲಿ ಅಲ್ಲೇ ಮದುವೆ ಹುಲ್ಲುಹಾಸು ಇರೋದು.

ಪಹಣಿ_ಪಂಡಿತ
ಅದೇ ನಿಮ್ಮ 14 ಗುಂಟೆ, ಬಹುತೇಕ. ಗ್ರಾಮ ನಕ್ಷೆಯಲ್ಲಿ ಹಳ್ಳ ಅಂತ ಗುರುತಿದ್ದರೆ ಅದರ ಮೇಲೆ ಹುಲ್ಲುಹಾಸು ಅಲ್ಲ, ಹುಲ್ಲುಕಡ್ಡಿನೂ ಹಾಸಕ್ಕಾಗಲ್ಲ. @ದೇವನಹಳ್ಳಿ_ಚಕ್ಕೋತ ಮೊದಲು ಸರ್ವೆಗೆ ಅರ್ಜಿ ಹಾಕಿ ಹದ್ದುಬಸ್ತು ಮಾಡಿಸಿ, ಅಂದರೆ ಗಡಿ ಗುರುತು ಮಾಡಿಸಿ. ಕಲ್ಲು ನೆಡೋವರೆಗೆ ಯಾವ ಡಿಸೈನರ್‌ಗೂ ಮುಂಗಡ ಕೊಡಬೇಡಿ.

ದೇವನಹಳ್ಳಿ_ಚಕ್ಕೋತ
ಮುಂಗಡ ಆಗಲೇ ಹೋಗಿದೆ. ಸರಿ, ಬಿಡಿ. ಹದ್ದುಬಸ್ತಿಗೆ ಹಾಕ್ತೀನಿ, ಕಾಂಟೂರ್ ಸರ್ವೆಯೂ ಮಾಡಿಸ್ತೀನಿ. ಬಂಗಲೆ ಊಟದ ಮನೆ ಅನ್ನೋದು ನನಗೆ ಒಪ್ಪಿಗೆ, ಮೊದಲೇ ಯಾರಾದ್ರೂ ಹಾಗೆ ಹೇಳಿದ್ದರೆ ಇಷ್ಟು ಜಗಳ ಇರ್ತಿರಲಿಲ್ಲ. ರೂಮು ಹತ್ತಕ್ಕಿಂತ ಕಡಿಮೆ ಆದರೆ ಚಿಕ್ಕಪ್ಪನ ಮಗ ಒಪ್ಪಲ್ಲ. ಆದರೆ ಮದುವೆ ಜಾಗ ನನಗೆ ಬೇಕೇ ಬೇಕು. ಎಲ್ಲಿ ಇಡಲಿ ಹೇಳಿ.

ಸೈಟಲ್ಲೇ_ಊಟ
ತಳದಲ್ಲಿ, ರಸ್ತೆ ಪಕ್ಕ, ಹಳ್ಳ ಬಿಟ್ಟು ಎಡಗಡೆ. ಮಟ್ಟಸ ಮಾಡಬೇಡಿ. ಎರಡೆರಡು ಅಡಿ ಎತ್ತರದ ಒಣಕಲ್ಲು ಕಟ್ಟೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಮಂಟಪ ಕೆಳಗೆ, ಜನ ಮೇಲೆ ಕೂರಲಿ. ಬಯಲು ರಂಗಮಂದಿರದ ಥರ. ಹಿಂದೆ ಕೂತವರಿಗೂ ತಾಳಿ ಕಟ್ಟೋದು ಕಾಣುತ್ತೆ. ಕಾರು ಅಲ್ಲೇ ನಿಲ್ಲುತ್ತೆ, ಯಾರೂ ಮೇಲೆ ಹತ್ತಬೇಕಿಲ್ಲ. ಇನ್ನೂರು ಜನಕ್ಕೆ ಸಾಕು, ಐನೂರು ಮರೆತುಬಿಡಿ.

ದಿಣ್ಣೆ_ಮೇಲಿನ_ದ್ರಾಕ್ಷಿ
ರಸ್ತೆ ಪಕ್ಕ ಅಂದ್ರೆ ನಮ್ಮ ಮನೆ ಎದುರಿಗೆ. ರಾತ್ರಿ ಹತ್ತಕ್ಕೆ ಸೌಂಡ್ ಆಫ್ ಆಗಬೇಕು, ಕಾನೂನೂ ಅದೇ ಹೇಳುತ್ತೆ.

ದೇವನಹಳ್ಳಿ_ಚಕ್ಕೋತ
ಹತ್ತೂವರೆ?

ದಿಣ್ಣೆ_ಮೇಲಿನ_ದ್ರಾಕ್ಷಿ
ಹತ್ತು.